ಸರ್ಕಲ್ಲಿನ ಟ್ಯಾಂಕಿಗೆ ಹೊಡೆದ ವೆಲ್ಡಿಂಗ್ ತೆಗೆಸಿ: ನಮ್ಮೂರ ಪುರಸಭೆಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಅಧ್ಯಕ್ಷರು, ಸದಸ್ಯರು ಮತ್ತು ಮುಖ್ಯಾಧಿಕಾರಿಗಳು,
ನಮ್ಮೂರ ಪುರಸಭೆ, ಮಲೆನಾಡು.

ವಿಷಯ: ಸರ್ಕಲ್ಲಿನಲ್ಲಿರುವ ಟಿ-55 ಟ್ಯಾಂಕನ್ನು ಮಳೆಗಾಲಕ್ಕೆ ಮೊದಲು ಸರಿಪಡಿಸಿ, ಅದರ ಒಳಭಾಗವನ್ನು ಶಾಲಾ ಮಕ್ಕಳಿಗೆ ತೆರೆಯುವ ಬಗ್ಗೆ.

ಮಾನ್ಯರೇ,

ನಾನು ಸೇನೆಯ ಗಾಡಿ, ಯಂತ್ರಗಳನ್ನು ರಿಪೇರಿ ಮಾಡುವ ಇಎಂಇ ವಿಭಾಗದಲ್ಲಿ 22 ವರ್ಷ ವೆಹಿಕಲ್ ಮೆಕ್ಯಾನಿಕ್ ಆಗಿ ದುಡಿದು, ಹವಾಲ್ದಾರನಾಗಿ ನಿವೃತ್ತನಾದವನು. ಆ ಪೈಕಿ ಏಳು ವರ್ಷ ರಾಜಸ್ಥಾನದ ಮರಳಿನಲ್ಲಿ ಟಿ-55 ಟ್ಯಾಂಕುಗಳ ರಿಪೇರಿಯಲ್ಲೇ ಕಳೆದೆ. ಈಗ ಊರಿಗೆ ಬಂದು ತೋಟ ನೋಡಿಕೊಂಡಿದ್ದೇನೆ. ಪತ್ರದಲ್ಲಿ ಊರಿನ ಹೆಸರನ್ನು ಬೇಕೆಂದೇ ಬರೆದಿಲ್ಲ. ಊರಿನ ಮರ್ಯಾದೆ ತೆಗೆಯುವುದು ನನ್ನ ಉದ್ದೇಶವಲ್ಲ. ಯಾರಿಗೆ ಬರೆದದ್ದೆಂದು ನಿಮಗೆ ತಿಳಿದರೆ ಸಾಕು.

ಟ್ಯಾಂಕ್ ಬಂದ ದಿನ ನಾನೂ ರಸ್ತೆ ಬದಿಯಲ್ಲಿ ನಿಂತಿದ್ದೆ. 36 ಟನ್ ಭಾರದ ಗಾಡಿಯನ್ನು ಹೊತ್ತ ಟ್ರೈಲರ್ ಘಾಟಿಯ ಒಂದೊಂದು ತಿರುವಿನಲ್ಲೂ ನಿಂತು ನಿಂತು ಊರು ಸೇರುವಾಗ ಸಂಜೆಯಾಗಿತ್ತು. ಶಾಲೆ ಮಕ್ಕಳು ಬಾವುಟ ಹಿಡಿದು ಕಾದಿದ್ದರು, ಹೆಂಗಸರು ಆರತಿ ತಟ್ಟೆ ತಂದಿದ್ದರು. ಇಷ್ಟು ಸಣ್ಣ ಊರಿಗೆ ಇಂಥದ್ದೊಂದನ್ನು ಕೇಳಿ ತರಿಸಿದ್ದಕ್ಕೆ ಅಂದೂ ನಿಮಗೆ ಕೃತಜ್ಞನಾಗಿದ್ದೆ, ಇಂದೂ ಕೃತಜ್ಞ. ಆ ಕೃತಜ್ಞತೆಯನ್ನು ಇಟ್ಟುಕೊಂಡೇ ಈ ದೂರು ಬರೆಯುತ್ತಿದ್ದೇನೆ.

ಹದಿನೈದು ದಿನದೊಳಗೆ ಅದರ ಮುಚ್ಚಳಗಳಿಗೆ ವೆಲ್ಡಿಂಗ್ ಬಿತ್ತು. ಡ್ರೈವರ್ ಇಳಿಯುವ ಬಾಗಿಲು, ಕಮಾಂಡರ್ ಬಾಗಿಲು, ಗುಂಡು ತುಂಬುವ ಲೋಡರ್ ಬಾಗಿಲು, ಮೂರಕ್ಕೂ. ಹುಡುಗರು ಒಳಗಿಳಿದು ಕೈಕಾಲು ಮುರಿದುಕೊಂಡಾರು, ರಾತ್ರಿ ಹೊತ್ತು ಕುಡುಕರು ಸೇರಿಕೊಂಡಾರು ಎಂಬ ಭಯ ಎಂದು ಆಗ ಹೇಳಿದಿರಿ. ಆ ಭಯ ಸುಳ್ಳಲ್ಲ, ನಾನೂ ಸುಮ್ಮನಾದೆ. ಆಮೇಲೆ ಆದದ್ದನ್ನು ನೋಡಿಕೊಂಡು ಸುಮ್ಮನಿರಲು ಆಗುತ್ತಿಲ್ಲ.

ಪ್ರತಿ ಆಗಸ್ಟ್ 15ಕ್ಕೆ ಒಂದು ಕೋಟು, ಜನವರಿ 26ಕ್ಕೆ ಇನ್ನೊಂದು ಕೋಟು ಎಂದು ಬಣ್ಣದ ಮೇಲೆ ಬಣ್ಣ ಬಳಿದಿದ್ದಾರೆ. ಚಕ್ರದ ರಬ್ಬರಿಗೂ ಬಣ್ಣ, ಪೆರಿಸ್ಕೋಪಿನ ಗಾಜಿಗೂ ಬಣ್ಣ. ತೋಪು ಹೊತ್ತು ತಿರುಗುವ ಗೋಪುರದ ಉಕ್ಕಿನ ಮೇಲೆ ಎರಕ ಹೊಯ್ದವರ ಅಂಕಿಗಳು ಉಬ್ಬಿ ನಿಂತಿದ್ದವು. ಬಂದ ದಿನ ಅವನ್ನು ಬೆರಳಿನಲ್ಲಿ ಸವರಿ ಓದಿದ್ದೆ. ಈಗ ಬಣ್ಣದಡಿ ಹೂತುಹೋಗಿವೆ. ತೋಪಿನ ನಳಿಗೆಗೆ ಹುಟ್ಟುಹಬ್ಬದ ಶುಭಾಶಯದ ಫ್ಲೆಕ್ಸ್ ಕಟ್ಟುತ್ತಾರೆ. ಕಳೆದ ಚುನಾವಣೆಯಲ್ಲಿ ಎರಡು ಪಕ್ಷದವರು ಒಂದೇ ನಳಿಗೆಯ ಜಾಗಕ್ಕೆ ಜಗಳವಾಡಿದ್ದನ್ನು ಇಡೀ ಸರ್ಕಲ್ಲು ನೋಡಿದೆ. ನಳಿಗೆಯ ತುದಿಯಲ್ಲಿ ದಪ್ಪಗೆ ಕಾಣುವ ಭಾಗವನ್ನು ಹಾರ ಹಾಕಲು ಮಾಡಿದ ಗಂಟು ಎಂದುಕೊಂಡವರಿದ್ದಾರೆ. ಗುಂಡು ಹಾರಿದ ಮೇಲೆ ನಳಿಗೆಯಲ್ಲಿ ಉಳಿದ ಹೊಗೆ ಹಿಂದಕ್ಕೆ ನುಗ್ಗಿ ಒಳಗಿದ್ದವರ ಉಸಿರು ಕಟ್ಟಿಸದಂತೆ ಮುಂದಕ್ಕೆ ಎಳೆದು ಹೊರಹಾಕುವುದು ಅದರ ಕೆಲಸ. ನಾಲ್ಕು ಜನರ ಉಸಿರಿಗಾಗಿ ಇರುವ ಜಾಗಕ್ಕೆ ಫ್ಲೆಕ್ಸಿನ ಹಗ್ಗ ಬಿಗಿದಿದ್ದಾರೆ.

ಫಲಕದ ವಿಷಯಕ್ಕೆ ಬರುತ್ತೇನೆ. "1965ರ ಯುದ್ಧದಲ್ಲಿ ಶತ್ರುಗಳಿಂದ ವಶಪಡಿಸಿಕೊಂಡ ಪ್ಯಾಟನ್ ಯುದ್ಧ ಟ್ಯಾಂಕರ್" ಎಂದು ಗ್ರಾನೈಟಿನಲ್ಲಿ ಕೆತ್ತಿಸಿದ್ದೀರಿ. ಪ್ಯಾಟನ್ ಎಂದರೆ ಆ ಯುದ್ಧದಲ್ಲಿ ಪಾಕಿಸ್ತಾನ ಓಡಿಸಿದ ಅಮೆರಿಕದ ಟ್ಯಾಂಕ್. ಇದು ಪ್ಯಾಟನ್ ಅಲ್ಲ, ಯಾರಿಂದಲೂ ಕಿತ್ತುಕೊಂಡದ್ದೂ ಅಲ್ಲ. ಸೋವಿಯತ್ ಒಕ್ಕೂಟ 1958ರಿಂದ ತಯಾರಿಸಿದ, ನಮ್ಮ ಸೇನೆಯೇ ಕೊಂಡು 1971ರ ಯುದ್ಧದಲ್ಲೂ ಆಮೇಲೆ ದಶಕಗಳ ಕಾಲವೂ ಓಡಿಸಿದ ಗಾಡಿ. ಗುರುತಿಸುವುದು ಕಷ್ಟವೂ ಅಲ್ಲ. ಪ್ಯಾಟನ್‌ಗೆ ಒಂದೊಂದು ಬದಿಗೆ ಆರು ಚಕ್ರ, ಮೇಲೆ ಚೈನನ್ನು ಎತ್ತಿ ಹಿಡಿಯುವ ಸಣ್ಣ ಉರುಳೆಗಳು. ನಮ್ಮದಕ್ಕೆ ಐದೇ ಚಕ್ರ, ಮೇಲೆ ಉರುಳೆಯೇ ಇಲ್ಲ, ಚೈನು ಚಕ್ರಗಳ ಬೆನ್ನ ಮೇಲೇ ಒರಗಿರುತ್ತದೆ. ಮೊದಲನೇ ಮತ್ತು ಎರಡನೇ ಚಕ್ರದ ನಡುವೆ ಮಾತ್ರ ಅಗಲವಾದ ಸಂದು. ನಾಲ್ಕನೇ ಕ್ಲಾಸಿನ ಮಗುವಿಗೆ ಒಮ್ಮೆ ಹೇಳಿಕೊಟ್ಟರೆ ಜನ್ಮದಲ್ಲಿ ಮರೆಯುವುದಿಲ್ಲ. ಟ್ಯಾಂಕರ್ ಎಂಬ ಮಾತನ್ನೂ ತಿದ್ದಿಸಿ. ಟ್ಯಾಂಕರ್ ನೀರು ತರುತ್ತದೆ, ಇದು ಟ್ಯಾಂಕ್.

ಪ್ಯಾಟನ್ ಕಥೆಯನ್ನೇ ಹೇಳಬೇಕೆಂದಿದ್ದರೆ ಅದಕ್ಕೆ ಬೇರೆ ಗಾಡಿ ಬೇಕು, ಜೀಪು. 1965ರ ಸೆಪ್ಟೆಂಬರಿನಲ್ಲಿ ಪಂಜಾಬಿನ ಅಸಲ್ ಉತ್ತರ್ ಬಳಿ 4 ಗ್ರೆನೇಡಿಯರ್ಸ್ ಪದಾತಿ ದಳದ ಯೋಧ ಅಬ್ದುಲ್ ಹಮೀದ್ ಪ್ಯಾಟನ್‌ಗಳ ಮೇಲೆ ಗುರಿಯಿಟ್ಟದ್ದು ಜೀಪಿನ ಮೇಲೆ ಕೂರಿಸಿದ್ದ 106 ಮಿ.ಮೀ. ರಿಕಾಯಿಲ್‌ಲೆಸ್ ಗನ್ನಿನಿಂದ, ಅಂದರೆ ಹಿಂದಕ್ಕೆ ಒದೆಯದ ಹಗುರ ತೋಪಿನಿಂದ. ಸೆಪ್ಟೆಂಬರ್ 10ರಂದು ಅದೇ ಜೀಪಿನಲ್ಲಿ ಅವರು ಪ್ರಾಣ ಬಿಟ್ಟರು, ಪರಮವೀರ ಚಕ್ರ ಮರಣೋತ್ತರವಾಗಿ ಬಂತು. ನಮ್ಮ ಮಲೆನಾಡಿನವರಿಗೆ ಜೀಪು ಎಂದರೇನು ಎಂದು ವಿವರಿಸಬೇಕಿಲ್ಲ. ಡಿಸ್ಪೋಸಲ್‌ನಲ್ಲಿ ಕೊಂಡ ಮಿಲಿಟರಿ ಜೀಪಿನಲ್ಲಿ ತೋಟದ ರಸ್ತೆ ಹತ್ತಿದ, ಹೆರಿಗೆ ನೋವಿನ ಹೆಂಗಸನ್ನು ಆಸ್ಪತ್ರೆಗೆ ತಲುಪಿಸಿದ ಮನೆಗಳು ನಮ್ಮಲ್ಲಿವೆ. ಜಬಲ್‌ಪುರದಲ್ಲಿ ತಯಾರಾದ ಜೋಂಗಾ ಎಂಬ ಮಿಲಿಟರಿ ಗಾಡಿಯನ್ನು ಕಂಡವರೂ ಇದ್ದಾರೆ. ಆ ತಗಡಿನ ಗಾಡಿಯ ಮೇಲೆ ಕೂತು, ತಲೆಯ ಸುತ್ತ ಒಂದು ಅಂಗುಲ ಕವಚವೂ ಇಲ್ಲದೆ, ಪ್ಯಾಟನ್‌ನ ಎದುರು ನಿಲ್ಲುವುದೆಂದರೆ ಏನೆಂದು ನಮ್ಮ ಹಿರಿಯರಿಗೆ ಬೇಗ ಅರ್ಥವಾಗುತ್ತದೆ. ಗ್ರಾನೈಟಿನ ತಪ್ಪು ಅಕ್ಷರಗಳಿಂದ ಆ ಮನುಷ್ಯನಿಗೂ ಗೌರವ ಸಲ್ಲಲಿಲ್ಲ, ಈ ಟ್ಯಾಂಕಿನಲ್ಲಿ ಕೂತವರಿಗೂ ಸಲ್ಲಲಿಲ್ಲ.

ನನ್ನನ್ನು ಹೆಚ್ಚು ನೋಯಿಸಿದ್ದು ನೀರು. ಕಳೆದ ಕಾರ್ತಿಕದಲ್ಲಿ ನಿಮ್ಮ ಪೌರಕಾರ್ಮಿಕರೊಬ್ಬರು ಜೊತೆಗಿದ್ದಾಗ ಟ್ಯಾಂಕಿನ ಅಡಿ ತೂರಿ ಸ್ಪ್ಯಾನರಿನಿಂದ ತಟ್ಟಿ ನೋಡಿದೆ. ಖಾಲಿ ಉಕ್ಕು ಗಂಟೆಯಂತೆ ದನಿ ಕೊಡುತ್ತದೆ. ಇದು ತುಂಬಿದ ಕೊಡ ತಟ್ಟಿದ ಹಾಗೆ ಮಂಕಾಗಿ ಸದ್ದು ಮಾಡಿತು. ತಳದ ಡ್ರೈನ್ ಪ್ಲಗ್ಗು ತುಕ್ಕು ಹಿಡಿದಿತ್ತು. ಸೀಮೆಎಣ್ಣೆ ಬಿಟ್ಟು ಒಂದು ಗಂಟೆ ಕಾದು ತಿರುಗಿಸಿದಾಗ ನೀರು ಧಾರೆಯಾಗಿ ಬಂತು. ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುತ್ತದಲ್ಲ, ಆ ಚೊಗರಿನ ಬಣ್ಣ. ಮುಕ್ಕಾಲು ಗಂಟೆ ಹರಿಯಿತು. ಜೊತೆಗಿದ್ದ ಪೌರಕಾರ್ಮಿಕರು, "ಅಯ್ಯೋ, ಇಷ್ಟೊಂದು ಎಲ್ಲಿಂದ ಬಂತು ಮಾರಾಯ್ರೆ?" ಎಂದರು. ಬಂದದ್ದು ಹಿಂಭಾಗದಿಂದ. ಎಂಜಿನ್ನಿನ ಮೇಲೆ ರೇಡಿಯೇಟರಿಗೆ ಗಾಳಿಯಾಡಲು ಜಾಲರಿ ಇರುತ್ತದೆ. ನಮ್ಮ ಮಳೆ ಆ ಜಾಲರಿಯಲ್ಲಿ ನೇರ ಒಳಗಿಳಿಯುತ್ತದೆ. ಮೇಲಿನ ಮುಚ್ಚಳಗಳನ್ನು ಬೆಸೆದಿರುವುದರಿಂದ ಒಳಗೆ ಹೋಗಿ ನೋಡುವವರಿಲ್ಲ, ಒರೆಸುವವರಿಲ್ಲ, ಗಾಳಿಯೂ ಆಡುವುದಿಲ್ಲ. ಆ ವೆಲ್ಡಿಂಗ್ ಮಕ್ಕಳನ್ನು ಹೊರಗಿಟ್ಟಿತು, ಮಳೆಯನ್ನು ಹೊರಗಿಡಲಿಲ್ಲ. ಒಳಗಿರುವುದು 12 ಸಿಲಿಂಡರಿನ, 580 ಅಶ್ವಶಕ್ತಿಯ ಡೀಸೆಲ್ ಎಂಜಿನ್. ಚಳಿಗೆ ಬ್ಯಾಟರಿ ಕೈಕೊಟ್ಟರೆ ಬೇರೆ ಬಾಟಲಿಗಳಲ್ಲಿ ತುಂಬಿಟ್ಟ ಗಾಳಿಯ ಒತ್ತಡದಿಂದಲೇ ಚಾಲೂ ಮಾಡಬಹುದಾದ ಎಂಜಿನ್ ಅದು. ಮರಳುಗಾಡಿನ ಜನವರಿ ಬೆಳಗುಗಳಲ್ಲಿ ಆ ಗಾಳಿ 'ಉಸ್ಸ್' ಎಂದು ನುಗ್ಗಿ, ಎಂಜಿನ್ ಒಮ್ಮೆ ಕೆಮ್ಮಿ, ಆಮೇಲೆ ಗುಡುಗಿದ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಅದು ಚೊಗರಿನಲ್ಲಿ ಮುಳುಗಿ ಕೊಳೆಯುವುದನ್ನು ನೋಡಲು ನನ್ನಿಂದಾಗದು.

ಇಷ್ಟು ಮಾತ್ರವಾಗಿದ್ದರೆ ಒಂದು ಅರ್ಜಿ ಕೊಟ್ಟು ಮುಗಿಸುತ್ತಿದ್ದೆ. ಬಹಿರಂಗ ಪತ್ರ ಬರೆಯಲು ಕಾರಣ ಕಳೆದ ಜನವರಿಯ ಒಂದು ಬೆಳಗ್ಗೆ.

ಪ್ರೌಢಶಾಲೆಯ ಮೇಷ್ಟರೊಬ್ಬರು ಇಪ್ಪತ್ತು ಮಕ್ಕಳನ್ನು ಕರೆತಂದು, ಟ್ಯಾಂಕಿನ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಕೇಳಿಕೊಂಡರು. ಮೊದಲು ಹೊರಗಿನದನ್ನು ಹೇಳಿದೆ. ಮುಂದಿನ ಉಕ್ಕಿನ ಹಲಗೆ ಸುಮಾರು 100 ಮಿ.ಮೀ. ದಪ್ಪ. ಅದನ್ನು ಗೋಡೆಯಂತೆ ನೆಟ್ಟಗೆ ನಿಲ್ಲಿಸದೆ 60 ಡಿಗ್ರಿ ಹಿಂದಕ್ಕೆ ಮಲಗಿಸಿದ್ದಾರೆ. ಸೌತೆಕಾಯಿಯನ್ನು ಅಡ್ಡ ಕೊಯ್ದರೆ ಬಿಲ್ಲೆ ಸಣ್ಣದು, ಓರೆಯಾಗಿ ಕೊಯ್ದರೆ ಉದ್ದ. ಹಾಗೆಯೇ ಎದುರಿನಿಂದ ನೇರ ಬರುವ ಗುಂಡಿಗೆ ಅದೇ ಹಲಗೆ ಎರಡರಷ್ಟು ದಪ್ಪವಾಗುತ್ತದೆ ಎಂದೆ. ಕವುಚಿಟ್ಟ ಬಾಣಲೆಯಂಥ ಗೋಪುರವೂ ಗುಂಡು ಜಾರಿಹೋಗಲಿ ಎಂದೇ ದುಂಡಗಿರುವುದು ಎಂದೆ. ಮಕ್ಕಳು ತಲೆಯಾಡಿಸಿದರು, ಫೋಟೊ ತೆಗೆಸಿಕೊಂಡರು. ಆಗ ಒಬ್ಬಳು ಹುಡುಗಿ, "ಅಜ್ಜ, ಇದರೊಳಗೆ ಜನ ಕೂರೋದು ಎಲ್ಲಿ?" ಎಂದಳು.

ಬಾಗಿಲು ತೆರೆದು ತೋರಿಸುವಂತಿರಲಿಲ್ಲ. ಮೇಷ್ಟರ ಬಳಿ ಸೀಮೆಸುಣ್ಣವಿತ್ತು. ಒಂದು ಹಗ್ಗವನ್ನು 90 ಸೆಂಟಿಮೀಟರಿಗೆ ಅಳೆದು, ಕಟ್ಟೆಯ ಸಿಮೆಂಟಿನ ಮೇಲೆ ಒಂದು ವೃತ್ತ ಎಳೆದೆ. ಗೋಪುರ ಕೂರುವ ಉಂಗುರದ ಅಳತೆ ಹೆಚ್ಚುಕಡಿಮೆ ಅಷ್ಟೇ, ಅಡ್ಡಗಲ 1.8 ಮೀಟರ್. ಪಕ್ಕದ ಚಪ್ಪರದಿಂದ ಎರಡು ಅಡಿಕೆ ದಬ್ಬೆ ತಂದು ವೃತ್ತದ ನಡುವೆ ಉದ್ದಕ್ಕೆ ಮಲಗಿಸಿ, ಇದು 100 ಮಿ.ಮೀ. ತೋಪು, ಗುಂಡು ಹಾರಿದಾಗ ಇದರ ಬುಡ ಅರ್ಧ ಮೀಟರಿನಷ್ಟು ಹಿಂದಕ್ಕೆ ಹಾಯುತ್ತದೆ, ಅಲ್ಲಿ ಕೈ ಇಡುವಂತಿಲ್ಲ ಎಂದೆ. ದಬ್ಬೆಯ ಎಡಕ್ಕೆ ಆ ಹುಡುಗಿಯನ್ನು ಕೂರಿಸಿದೆ, ಅವಳು ಗುರಿಯಿಟ್ಟು ಹೊಡೆಯುವ ಗನ್ನರ್. ಅವಳ ಬೆನ್ನಿಗೆ ಮೊಣಕಾಲು ತಾಗುವಂತೆ ಹಿಂದೆ ಒಬ್ಬ ಹುಡುಗ, ಕಮಾಂಡರ್. ಬಲಕ್ಕೆ ಇನ್ನೊಬ್ಬ, ಲೋಡರ್. ವೃತ್ತದ ಹೊರಗೆ ಮುಂದೆ ಎಡಕ್ಕೆ ನಾಲ್ಕನೆಯವನು ಕಾಲು ಚಾಚಿ ಡ್ರೈವರ್. ಅವನ ಬಲ ತೋಳಿನ ಪಕ್ಕದಲ್ಲಿ ಒಂದು ಚೌಕ ಬರೆದೆ. ಅದು ಡೀಸೆಲ್ ತೊಟ್ಟಿ, ಆ ತೊಟ್ಟಿಯ ಗೂಡುಗಳಲ್ಲೇ 18 ಗುಂಡುಗಳು. ಒಟ್ಟು 43 ಗುಂಡುಗಳು ಈ ನಾಲ್ವರ ಸುತ್ತಲೇ ಇರುತ್ತವೆ. ಒಂದೊಂದು ಸುಮಾರು 30 ಕೆ.ಜಿ., ಅಂದರೆ ಅಡುಗೆಮನೆಯ ತುಂಬಿದ ಗ್ಯಾಸ್ ಸಿಲಿಂಡರಿನಷ್ಟು. ಓಲಾಡುವ ಗಾಡಿಯಲ್ಲಿ, ಬಗ್ಗಿದ ಬೆನ್ನಿನಲ್ಲಿ, ಲೋಡರ್ ಅದನ್ನು ಎತ್ತಿ ತೋಪಿಗೆ ತುರುಕಬೇಕು, ಮತ್ತೆ ಎತ್ತಬೇಕು, ಮತ್ತೆ ತುರುಕಬೇಕು.

ಮಕ್ಕಳ ಗಲಾಟೆ ನಿಂತಿತ್ತು. ಗೋಪುರಕ್ಕೆ ಬಾಗಿಲು ಎರಡು, ಎಡಕ್ಕೆ ಕಮಾಂಡರನದು, ಬಲಕ್ಕೆ ಲೋಡರನದು ಎಂದು ಎರಡು ಸೊನ್ನೆ ಬರೆದೆ. ಗನ್ನರ್ ಆಗಿ ಕೂತಿದ್ದ ಹುಡುಗಿ, "ನನ್ನ ಬಾಗಿಲು ಯಾವುದು?" ಎಂದಳು. ನಿನಗೆ ಬೇರೆ ಬಾಗಿಲಿಲ್ಲ ಮಗಾ, ಕಮಾಂಡರ್ ಹೊರಗೆ ಹೋದ ಮೇಲೆ ಅವನ ಬಾಗಿಲಿನಿಂದಲೇ ನೀನು ಹೋಗಬೇಕು ಎಂದೆ. ಅವಳು ಹಿಂದೆ ತಿರುಗಿ ಕಮಾಂಡರ್ ಆಗಿದ್ದ ಹುಡುಗನನ್ನು ನೋಡಿ, "ಅವನಿಗೆ ಹೋಗೋಕೆ ಆಗದೇ ಇದ್ರೆ?" ಎಂದು ಕೇಳಿದಳು.

ನಾನು ಉತ್ತರ ಹೇಳಲಿಲ್ಲ. ಅವಳಿಗೆ ಉತ್ತರ ಗೊತ್ತಾಗಿತ್ತು.

ಮಾನ್ಯರೇ, ಆ ಟ್ಯಾಂಕನ್ನು ಮೂರು ವರ್ಷದಿಂದ ನೂರಾರು ಜನ ನೋಡಿದ್ದಾರೆ. ಆ ಪ್ರಶ್ನೆಯನ್ನು ಕೇಳಿದವಳು ಅವಳೊಬ್ಬಳೇ, ಅದೂ ಸೀಮೆಸುಣ್ಣದ ಗೆರೆಯ ಒಳಗೆ ಕೂತ ಮೇಲೆ. ಹೊರಗಿನಿಂದ ಟ್ಯಾಂಕ್ ಶೌರ್ಯದ ಗುರುತು, ಪಕ್ಕದಲ್ಲಿ ನಿಂತು ಮೀಸೆ ತಿರುವಬಹುದು. ಒಳಗೆ ಹೋದರೆ ಅದು ನಾಲ್ಕು ಜನ ಮೈಗೆ ಮೈ ತಾಗಿಸಿಕೊಂಡು, ಡೀಸೆಲ್ ವಾಸನೆಯಲ್ಲಿ, ಒಬ್ಬರ ಜೀವ ಇನ್ನೊಬ್ಬರ ಕೈಯಲ್ಲಿಟ್ಟು ದುಡಿಯುವ ಜಾಗ. ಮರಳುಗಾಡಿನ ಮೇ ತಿಂಗಳಲ್ಲಿ ಬರಿಗೈಯಲ್ಲಿ ಮುಚ್ಚಳ ಮುಟ್ಟಿದರೆ ಬೊಕ್ಕೆ ಏಳುತ್ತಿತ್ತು. ಅದರೊಳಗೆ ಇಡೀ ಹಗಲು ಕೂತು ಬಂದ ಹುಡುಗರ ಅಂಗಿಯನ್ನು ಹಿಂಡಬಹುದಿತ್ತು. ಮಕ್ಕಳು ಟಿವಿಯಲ್ಲಿ ನಮ್ಮ ಸೇನೆಯ ಈಗಿನ ಭೀಷ್ಮ, ಅರ್ಜುನ ಟ್ಯಾಂಕುಗಳನ್ನು ನೋಡುತ್ತಾರೆ. ಟಿ-55ರ ನಂತರ ಬಂದ ಟಿ-72ರಿಂದೀಚೆಗೆ, ಭೀಷ್ಮದಲ್ಲೂ, ಗುಂಡು ತುಂಬುವ ಕೆಲಸವನ್ನು ಯಂತ್ರಕ್ಕೆ ಕೊಟ್ಟು ಒಳಗಿನವರನ್ನು ಮೂವರಿಗೆ ಇಳಿಸಿದರು. ಅರ್ಜುನದಲ್ಲಿ ಈಗಲೂ ನಾಲ್ವರು. ಈ ವ್ಯತ್ಯಾಸ ಯಾಕೆಂದು ಕೇಳುವ ಹುಡುಗ ನಾಳೆ ಎಂಜಿನಿಯರ್ ಆಗಬಲ್ಲ. ಕೇಳಲು ಅವನು ಮೊದಲು ಆ ಸಿಲಿಂಡರಿನಂಥ ಗುಂಡನ್ನೂ ಅದನ್ನು ಎತ್ತುವ ಜಾಗವನ್ನೂ ನೋಡಿರಬೇಕು.

ನಾನು ಹೊಸದೇನನ್ನೂ ಕೇಳುತ್ತಿಲ್ಲ. ನಮ್ಮದೇ ಕಾರವಾರದ ಕಡಲ ದಂಡೆಯಲ್ಲಿ ನಿವೃತ್ತ ಕ್ಷಿಪಣಿ ನೌಕೆ ಚಾಪಲ್ ಇದೆ. ಜನ ಅದರೊಳಗೆ ಹೋಗಿ ನೋಡಿ ಬರುತ್ತಾರೆ. ವಿಶಾಖಪಟ್ಟಣದಲ್ಲಿ ಕುರ್ಸುರಾ ಜಲಾಂತರ್ಗಾಮಿಯನ್ನು 2002ರಲ್ಲಿ ಜನರಿಗೆ ತೆರೆದರು. 91 ಮೀಟರ್ ಉದ್ದದ ಆ ಕೊಳವೆಯೊಳಗೆ ಸಾಲಾಗಿ ನಡೆದುಹೋಗಬಹುದು, ವಿವರಿಸುವವರು ನೌಕಾಪಡೆಯಿಂದ ನಿವೃತ್ತರಾದವರೇ. ಇಂಗ್ಲೆಂಡಿನ ಬೋವಿಂಗ್ಟನ್ ಟ್ಯಾಂಕ್ ಮ್ಯೂಸಿಯಂನಲ್ಲಿ ಒಂದು ಸೆಂಚುರಿಯನ್ ಟ್ಯಾಂಕನ್ನು ಉದ್ದಕ್ಕೆ ಸೀಳಿ, ಒಳಗಿನದೆಲ್ಲ ಕಾಣುವಂತೆ ಇಟ್ಟಿದ್ದಾರೆ. ನಮ್ಮದನ್ನು ಸೀಳುವುದು ಬೇಡ. ಸೇನೆಯೇ ತನ್ನ ಪ್ರದರ್ಶನಗಳಲ್ಲಿ ಚಾಲೂ ಇರುವ ಟ್ಯಾಂಕುಗಳ ಮೇಲೆ ಮಕ್ಕಳನ್ನು ಹತ್ತಿಸುತ್ತದೆ. ಗುಂಡಿಲ್ಲದ, ಡೀಸೆಲ್ ಇಲ್ಲದ, ಅಲ್ಲಾಡದ ಈ ಟ್ಯಾಂಕಿಗೆ ಮಾತ್ರ ಯಾಕೆ ಬೀಗದ ಬದಲು ವೆಲ್ಡಿಂಗ್?

ನನ್ನ ಬೇಡಿಕೆಗಳನ್ನು ಹೇಳುತ್ತೇನೆ. ಎಲ್ಲಕ್ಕಿಂತ ಮೊದಲು ನೀರು. ಡ್ರೈನ್ ಪ್ಲಗ್ಗುಗಳನ್ನು ಬಿಚ್ಚಿ, ಮಳೆಗಾಲವಿಡೀ ಹಾಗೇ ಬಿಡಬೇಕು. ಹಿಂದಿನ ಜಾಲರಿಯ ಮೇಲೆ ಇಳಿಜಾರಾಗಿ ತಗಡಿನ ಹೊದಿಕೆ ಕೂರಿಸಬೇಕು. ಟಾರ್ಪಾಲು ಸುತ್ತಬೇಡಿ, ಒಳಗೆ ಬೆವರಿ ತುಕ್ಕು ಹೆಚ್ಚುತ್ತದೆ. ಹಣವಾದಾಗ ಬಸ್ ಸ್ಟಾಪಿನಂಥ ಒಂದು ಮಾಡು ಕಟ್ಟಿಸಿದರೆ ಇನ್ನೂ ಒಳ್ಳೆಯದು.

ಮುಚ್ಚಳಗಳ ವಿಷಯದಲ್ಲಿ ಆತುರ ಬೇಡ. ಟ್ಯಾಂಕ್ ಕೊಟ್ಟ ಸೇನಾ ಕಚೇರಿಗೆ, ಸೈನಿಕ ಕಲ್ಯಾಣ ಇಲಾಖೆಯ ಮೂಲಕ, ಮೊದಲು ಒಂದು ಪತ್ರ ಬರೆದು ಒಪ್ಪಿಗೆ ಪಡೆಯಿರಿ. ಹಳೆಯ ಮೀಟರುಗಳಲ್ಲಿ ಕತ್ತಲೆಯಲ್ಲಿ ಹೊಳೆಯಲೆಂದು ರೇಡಿಯಂ ಬಣ್ಣ ಹಚ್ಚುತ್ತಿದ್ದ ಕಾಲದ ಗಾಡಿ ಇದು. ಒಳಗಿನ ಮೀಟರುಗಳನ್ನು ತಿಳಿದವರಿಂದ ಪರೀಕ್ಷೆ ಮಾಡಿಸಿ, ಸಂಶಯವಿದ್ದರೆ ಅವರಿಂದಲೇ ತೆಗೆಸಿಬಿಡಿ. ಆಮೇಲೆ ಮುಚ್ಚಳ ತೆರೆಯುವಾಗ ಗ್ಯಾಸ್ ಕಟರ್ ಹಾಕಬೇಡಿ. ಗ್ರೈಂಡರಿನಲ್ಲಿ ವೆಲ್ಡಿಂಗ್ ಗೆರೆಯನ್ನು ಮಾತ್ರ ತೇಯಬೇಕು, ಮುಚ್ಚಳದ ಅಂಚಿಗೆ ಪೆಟ್ಟಾಗಬಾರದು. ಒಳಗೆ ಒರೆಸಿ, ಒಣಗಿಸಿ, ಒಂದು ದೀಪ ಹಾಕಿಸಿ. ಬಲಗಡೆ ಹಿಡಿದುಕೊಳ್ಳಲು ಕಂಬಿಯಿರುವ ಮೆಟ್ಟಿಲು ಕಟ್ಟಿಸಿದರೆ ಸಣ್ಣ ಮಕ್ಕಳು ಲೋಡರನ ಬಾಗಿಲಿನಿಂದ ಇಣುಕಿ ನೋಡಬಹುದು, ದೊಡ್ಡವರು ಒಬ್ಬೊಬ್ಬರಾಗಿ ಇಳಿಯಬಹುದು. ವಾರದ ಉಳಿದ ದಿನ ಕಬ್ಬಿಣದ ಗ್ರಿಲ್ಲು, ಅದಕ್ಕೊಂದು ಬೀಗ. ಕುಡುಕರ ಭಯಕ್ಕೆ ಅಷ್ಟು ಸಾಕು.

ಭಾನುವಾರ ಬೆಳಗ್ಗೆ ಒಂಬತ್ತರಿಂದ ಒಂದರವರೆಗೆ ಬಾಗಿಲು ತೆಗೆದು ವಿವರಿಸಲು ನಾವು ಐವರು ಮಾಜಿ ಸೈನಿಕರು ಒಪ್ಪಿದ್ದೇವೆ. ಸಂಬಳ ಬೇಡ. ಸೇತುವೆ ಕಟ್ಟುವ ರೆಜಿಮೆಂಟಿನಲ್ಲಿದ್ದವರೊಬ್ಬರು, ಸಿಗ್ನಲ್ಸ್‌ನವರೊಬ್ಬರು, ಇಬ್ಬರು ಪದಾತಿಯವರು, ಮತ್ತು ನಾನು. ನಮ್ಮ ಮೊಣಕಾಲುಗಳು ಗಟ್ಟಿಯಿರುವವರೆಗೆ ಇಳಿದು ತೋರಿಸುತ್ತೇವೆ, ಆಮೇಲೆ ಮೇಲೆ ನಿಂತು ಹೇಳುತ್ತೇವೆ.

ಫಲಕವನ್ನು ಬದಲಿಸಿ. ಹೊಸ ಗ್ರಾನೈಟಿಗೆ ದುಡ್ಡಿಲ್ಲದಿದ್ದರೆ ತಗಡಿನ ಬೋರ್ಡ್ ಬರೆಸಿ, ಖರ್ಚು ನಾನು ಕೊಡುತ್ತೇನೆ. ಗಾಡಿಯ ಹೆಸರು, ತೂಕ, ತೋಪಿನ ಅಳತೆ ಇದ್ದರೆ ಸಾಲದು, ಒಳಗೆ ನಾಲ್ಕು ಜನ ಎಲ್ಲೆಲ್ಲಿ ಕೂರುತ್ತಿದ್ದರು ಎಂಬ ಚಿತ್ರವೂ ಇರಲಿ. ಫ್ಲೆಕ್ಸ್ ವಿಷಯದಲ್ಲಿ ಒಂದೇ ಮಾತು: ಯಾವ ಪಕ್ಷದವರದ್ದೇ ಆಗಲಿ, ಯಾರ ಹುಟ್ಟುಹಬ್ಬವೇ ಆಗಲಿ, ನಳಿಗೆಗೆ ಕಟ್ಟುವಂತಿಲ್ಲ ಎಂದು ಠರಾವು ಮಾಡಿ. ಬಣ್ಣವನ್ನು ಇನ್ನು ಐದು ವರ್ಷ ಮುಟ್ಟಬೇಡಿ.

ಡ್ರೈನ್ ಪ್ಲಗ್ಗಿಗೆ ಹೊಂದುವ ಸ್ಪ್ಯಾನರನ್ನು ನಾನು ಎಣ್ಣೆ ಹಚ್ಚಿ ಮನೆಯಲ್ಲಿಟ್ಟಿದ್ದೇನೆ. ಮೃಗಶಿರಾ ಮಳೆ ಹುಟ್ಟಲು ಇನ್ನು ಒಂದೂವರೆ ತಿಂಗಳಿದೆ. ತೋಟಕ್ಕೆ ಔಷಧಿ ಹೊಡೆಯುವ ಕೆಲಸ ಶುರುವಾಗುವ ಮೊದಲು ಯಾವ ದಿನ ಹೇಳಿದರೂ ಬರುತ್ತೇನೆ. ಸರ್ಕಲ್ಲಿನಲ್ಲಿ ಅರ್ಧ ದಿನ ಬ್ಯಾರಿಕೇಡ್ ಹಾಕಿಸಿ, ಪೌರಕಾರ್ಮಿಕರಿಬ್ಬರನ್ನು ಜೊತೆಗೆ ಕೊಡಿ. ಸೀಮೆಸುಣ್ಣದ ವೃತ್ತದಲ್ಲಿ ಕೂತಿದ್ದ ಆ ನಾಲ್ವರು ಮಕ್ಕಳು ಈ ವರ್ಷ ಹತ್ತನೇ ಕ್ಲಾಸು. ಅವರು ಶಾಲೆ ಬಿಡುವ ಮೊದಲು ಒಮ್ಮೆ ನಿಜವಾದ ಜಾಗದಲ್ಲಿ ಕೂರಲಿ ಎಂದು ಮೇಷ್ಟರಿಗೆ ಮಾತು ಕೊಟ್ಟಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಹವಾಲ್ದಾರ, ಇಎಂಇ